ಜೆಸ್ಸಿ ಓವೆನ್ಸ್ ಮತ್ತು ನಾಲ್ಕನೇ ಪದಕ



ಈ ಸಲದ ಗೋಡೆ ಪತ್ರಿಕೆಯಲ್ಲಿ ದೊಡ್ಡವರೊಬ್ಬರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಹೋದ ತಿಂಗಳು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ಅದರ ಹಿಂದಿನ ತಿಂಗಳು ಕಿತ್ತೂರು ಚೆನ್ನಮ್ಮನ ಬಗ್ಗೆ ಓದಿದ್ದೀರಿ. ನಾನು ಒಬ್ಬ ಓಟಗಾರನನ್ನು ಆರಿಸಿಕೊಂಡಿದ್ದೇನೆ. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು. ರಿಲೇ ಓಟಕ್ಕೆ ನಾಲ್ಕು ಜನ ಯಾರ್ಯಾರು, ಯಾರನ್ನ ಬಿಡಬೇಕು ಅಂತ ನಮ್ಮ ತರಗತಿಯಲ್ಲಿ ದಿನಾ ಜಗಳ ನಡೀತಾ ಇದೆ. ಈ ಓಟಗಾರನ ಬಾಳಿನಲ್ಲೂ ರಿಲೇ ತಂಡದ ಒಂದು ಜಗಳ ಬರುತ್ತದೆ. ಅದನ್ನು ನೀವೆಲ್ಲ ಓದಲೇಬೇಕು ಅಂತ ನನಗೆ ಅನ್ನಿಸಿತು.

ಜೆಸ್ಸಿ ಓವೆನ್ಸ್ ಹುಟ್ಟಿದ್ದು 1913ನೇ ಇಸವಿ ಸೆಪ್ಟೆಂಬರ್ 12ರಂದು, ಅಮೆರಿಕದ ಅಲಬಾಮಾ ರಾಜ್ಯದ ಓಕ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಹೆನ್ರಿ, ತಾಯಿ ಮೇರಿ ಎಮ್ಮಾ. ಹತ್ತು ಮಕ್ಕಳಲ್ಲಿ ಇವನೇ ಕೊನೆಯವನು. ಅವರು ಕಪ್ಪು ಜನ. ಅವರ ತಾತನ ಕಾಲದವರು ಗುಲಾಮರಾಗಿದ್ದವರು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ನಿಂತುಹೋದರೂ ಕಷ್ಟ ನಿಲ್ಲಲಿಲ್ಲ. ತಂದೆ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಜಮೀನು ಇನ್ನೊಬ್ಬರದು, ದುಡಿಮೆ ಇವರದು, ಬೆಳೆ ಬಂದಾಗ ಹೆಚ್ಚಿನ ಪಾಲು ಜಮೀನಿನವನದು. ಮಕ್ಕಳೂ ಹೊಲಕ್ಕೆ ಹೋಗಿ ಹತ್ತಿ ಬಿಡಿಸಬೇಕಾಗಿತ್ತು. ಪಾಲಿನ ಕಷ್ಟ ಏನು ಅಂತ ನಮ್ಮೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕಂದಿನಲ್ಲಿ ಅವನಿಗೆ ಯಾವಾಗಲೂ ಕೆಮ್ಮು, ಎದೆನೋವು. ಒಂದು ಸಲ ಎದೆಯ ಮೇಲೆ ದೊಡ್ಡ ಗಂಟು ಎದ್ದಿತಂತೆ. ಡಾಕ್ಟರಿಗೆ ಕೊಡಲು ದುಡ್ಡಿಲ್ಲ. ತಾಯಿಯೇ ಚಾಕುವನ್ನು ಬೆಂಕಿಗೆ ಹಿಡಿದು ಕಾಯಿಸಿ ಆ ಗಂಟನ್ನು ಕೊಯ್ದು ತೆಗೆದರು. ಇದನ್ನು ಓವೆನ್ಸ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಇದನ್ನು ಓದುವಾಗ ನನಗೆ ಮೈ ಜುಂ ಅಂದಿತು. ಹೀಗೆ ಉಳಿದುಕೊಂಡ ಹುಡುಗ ಮುಂದೆ ಪ್ರಪಂಚದಲ್ಲೇ ಜೋರಾಗಿ ಓಡಿದ.

ಅವನಿಗೆ ಒಂಬತ್ತು ವರ್ಷವಾದಾಗ ಮನೆಯವರೆಲ್ಲ ಊರು ಬಿಟ್ಟು ಉತ್ತರದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಪಟ್ಟಣಕ್ಕೆ ಹೋದರು. ಆಗ ಲಕ್ಷಗಟ್ಟಲೆ ಕಪ್ಪು ಜನ ಕೆಲಸ ಹುಡುಕಿಕೊಂಡು ಹೀಗೆಯೇ ಉತ್ತರಕ್ಕೆ ಹೊರಟಿದ್ದರು. ಹೊಸ ಶಾಲೆಯಲ್ಲಿ ಟೀಚರ್ ಹೆಸರು ಕೇಳಿದರು. ಅವನ ಪೂರ್ತಿ ಹೆಸರು ಜೇಮ್ಸ್ ಕ್ಲೀವ್‌ಲ್ಯಾಂಡ್ ಓವೆನ್ಸ್. ಮನೆಯಲ್ಲಿ ಜೆ.ಸಿ. ಅಂತ ಕರೆಯುತ್ತಿದ್ದರು. ಅವನು ತನ್ನ ಹಳ್ಳಿಯ ರಾಗದಲ್ಲಿ ಜೆ.ಸಿ. ಅಂದದ್ದು ಟೀಚರ್ ಕಿವಿಗೆ ಜೆಸ್ಸಿ ಅಂತ ಕೇಳಿಸಿತು. ಹಾಗೇ ಬರೆದುಕೊಂಡರು. ಹೊಸ ಹುಡುಗ, ತಿದ್ದಲು ಹೆದರಿಕೆ. ಆ ಹೆಸರೇ ಖಾಯಂ ಆಯಿತು. ನಮ್ಮೂರಲ್ಲೂ ಶಾಲೆಗೆ ಸೇರಿಸುವ ದಿನ ಹೆಸರು ಬದಲಾದವರು, ಹುಟ್ಟಿದ ತಾರೀಖು ಬದಲಾದವರು ಇದ್ದಾರಲ್ಲ, ಹಾಗೆ.

ಪಟ್ಟಣದಲ್ಲೂ ಬಡತನವೇ. ಜೆಸ್ಸಿ ಅಂಗಡಿಯ ಸಾಮಾನು ಮನೆಮನೆಗೆ ತಲುಪಿಸಿದ. ರೈಲು ಡಬ್ಬಿಗಳಿಗೆ ಸರಕು ತುಂಬಿದ. ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದ. ಅವನು ಓದುತ್ತಿದ್ದದ್ದು ಫೇರ್‌ಮೌಂಟ್ ಜೂನಿಯರ್ ಹೈಸ್ಕೂಲ್. ಅಲ್ಲಿ ಚಾರ್ಲ್ಸ್ ರೈಲಿ ಎಂಬ ದೈಹಿಕ ಶಿಕ್ಷಕರಿದ್ದರು. ಅವರು ಬಿಳಿಯರು. ಈ ಸಣಕಲು ಹುಡುಗ ಓಡುವುದನ್ನು ಅವರು ಗಮನಿಸಿದರು. ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ಬಾ ಅಂತ ಕರೆದರು. ಜೆಸ್ಸಿಗೆ ಆಗ ಬರಲು ಆಗ್ತಿರಲಿಲ್ಲ, ಚಪ್ಪಲಿ ಅಂಗಡಿಗೆ ಹೋಗಬೇಕಲ್ಲ. ಬೇರೆ ಮೇಷ್ಟ್ರಾಗಿದ್ದರೆ ಬಿಡಪ್ಪ, ನಿನ್ನಿಷ್ಟ ಅನ್ನುತ್ತಿದ್ದರೋ ಏನೋ. ರೈಲಿ ಮೇಷ್ಟ್ರು ಹಾಗನ್ನಲಿಲ್ಲ. ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ನಾನೇ ಬರುತ್ತೇನೆ, ನೀನೂ ಬಾ ಅಂದರು. ಒಬ್ಬ ಹುಡುಗನಿಗಾಗಿ ಅವರು ದಿನಾ ಬೆಳಿಗ್ಗೆ ಬೇಗ ಎದ್ದು ಬಂದರು. ತಿನ್ನಲೂ ತಂದುಕೊಡುತ್ತಿದ್ದರು.

ರೈಲಿ ಮೇಷ್ಟ್ರು ಹೇಳಿಕೊಟ್ಟ ಓಟದ ರೀತಿ ತಿಳಿದುಕೊಳ್ಳುವಂಥದ್ದು. ಸುಡುವ ನೆಲದ ಮೇಲೆ ಕಾಲಿಟ್ಟ ಹಾಗೆ ಓಡು, ಅಂಗಾಲು ನೆಲಕ್ಕೆ ತಾಗಿದ್ದೇ ತಡ ಎತ್ತಿಬಿಡು ಅಂತ ಹೇಳುತ್ತಿದ್ದರು. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ನಮ್ಮ ಶಾಲೆ ಮೈದಾನದಲ್ಲಿ ಬರಿಗಾಲಲ್ಲಿ ಓಡಿದರೆ ಅದು ತಾನಾಗಿಯೇ ಬರುತ್ತದೆ. ಇನ್ನೊಂದು ದಿನ ಜೆಸ್ಸಿಯನ್ನು ಕುದುರೆ ರೇಸಿಗೆ ಕರೆದುಕೊಂಡು ಹೋದರಂತೆ. ಕುದುರೆಯ ಮುಖ ನೋಡು, ಅದು ಹಲ್ಲು ಕಚ್ಚಿಕೊಂಡು ಓಡುವುದಿಲ್ಲ, ಪಕ್ಕದವರನ್ನು ನೋಡುವುದಿಲ್ಲ ಅಂತ ತೋರಿಸಿದರು. ಓವೆನ್ಸ್ ಓಡುವ ಹಳೇ ಫೋಟೋಗಳಲ್ಲಿ ಮುಖ ಶಾಂತವಾಗಿಯೇ ಇರುತ್ತದೆ. ನಾವಾದರೋ ಓಡುವಾಗ ಕಣ್ಣು ಮುಚ್ಚಿ, ಕತ್ತು ಬಿಗಿಹಿಡಿದು, ಹಲ್ಲು ಕಿರಿದು ಓಡುತ್ತೇವೆ. ಬರುವ ಶುಕ್ರವಾರದ ಸ್ಪರ್ಧೆಗಲ್ಲ, ನಾಲ್ಕು ವರ್ಷ ಬಿಟ್ಟು ಬರುವ ಶುಕ್ರವಾರಕ್ಕೆ ಈಗ ಅಭ್ಯಾಸ ಮಾಡು ಅನ್ನುವುದು ಆ ಮೇಷ್ಟ್ರ ಇನ್ನೊಂದು ಮಾತು.

ಅಲ್ಲಿಂದ ಈಸ್ಟ್ ಟೆಕ್ನಿಕಲ್ ಹೈಸ್ಕೂಲಿಗೆ ಸೇರಿದ. ರೈಲಿ ಮೇಷ್ಟ್ರ ಕೆಲಸ ಹಳೇ ಶಾಲೆಯಲ್ಲಿದ್ದರೂ ಇಲ್ಲಿಗೂ ಬಂದು ಹೇಳಿಕೊಡುತ್ತಿದ್ದರು. ಡೇವ್ ಆಲ್ಬ್ರಿಟನ್ ಎಂಬ ಹುಡುಗ ಅಲ್ಲಿ ಜೊತೆಗಾರನಾದ. ಅವನೂ ಅಲಬಾಮಾದಲ್ಲಿ ಹುಟ್ಟಿದವನು. ಅವನದು ಎತ್ತರ ಜಿಗಿತ. ಇಬ್ಬರೂ ಒಂದೇ ಹೈಸ್ಕೂಲ್, ಆಮೇಲೆ ಒಂದೇ ಯೂನಿವರ್ಸಿಟಿ, ಕೊನೆಗೆ ಒಂದೇ ಒಲಿಂಪಿಕ್ಸ್. ಆಲ್ಬ್ರಿಟನ್‌ಗೆ ಅಲ್ಲಿ ಬೆಳ್ಳಿ ಪದಕ ಬಂತು. ಒಂದೇ ಹೈಸ್ಕೂಲಿನ ಇಬ್ಬರು ಹುಡುಗರು ಅಂದರೆ ನೋಡಿ!

1932ರಲ್ಲಿ ಹೈಸ್ಕೂಲ್ ಹುಡುಗನಾಗಿದ್ದಾಗಲೇ ಜೆಸ್ಸಿ ಒಲಿಂಪಿಕ್ಸ್ ಆಯ್ಕೆಗೆ ಓಡಿ ಸೋತ. ಆಗ ಮುಂದಿದ್ದವರಲ್ಲಿ ರಾಲ್ಫ್ ಮೆಟ್‌ಕಾಫ್ ಒಬ್ಬರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಮಾರನೇ ವರ್ಷ, 1933ರಲ್ಲಿ, ಶಿಕಾಗೋದಲ್ಲಿ ಇಡೀ ದೇಶದ ಹೈಸ್ಕೂಲ್ ಮಕ್ಕಳ ಸ್ಪರ್ಧೆ ನಡೆಯಿತು. ಅಲ್ಲಿ 100 ಗಜ ಓಟವನ್ನು ಜೆಸ್ಸಿ 9.4 ಸೆಕೆಂಡಿನಲ್ಲಿ ಮುಗಿಸಿದ. ಅದು ದೊಡ್ಡವರ ವಿಶ್ವದಾಖಲೆಗೆ ಸಮ! 220 ಗಜಕ್ಕೆ 20.7 ಸೆಕೆಂಡು.

ಆಮೇಲೆ ಓಹಿಯೋ ಸ್ಟೇಟ್ ಯೂನಿವರ್ಸಿಟಿ. ಅಲ್ಲಿ ಅವನಿಗೆ ಓಟಕ್ಕಾಗಿ ಸ್ಕಾಲರ್‌ಶಿಪ್ ಸಿಗಲಿಲ್ಲ. ರಾತ್ರಿ ಲಿಫ್ಟ್ ನಡೆಸುವ ಕೆಲಸ, ಹೋಟೆಲಿನಲ್ಲಿ ಸಪ್ಲೈಯರ್, ಪೆಟ್ರೋಲ್ ಹಾಕುವುದು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು, ಇವನ್ನೆಲ್ಲ ಮಾಡಿಕೊಂಡು ಓದಿದ, ಓಡಿದ. ಕಪ್ಪು ವಿದ್ಯಾರ್ಥಿಗಳಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ, ಹೊರಗೆ ರೂಮು ಮಾಡಿಕೊಂಡು ಇರಬೇಕು. ಬೇರೆ ಊರಿಗೆ ಸ್ಪರ್ಧೆಗೆ ಹೋದಾಗ ತಂಡದ ಬಿಳಿ ಹುಡುಗರು ಹೋಟೆಲಿನ ಒಳಗೆ ಕೂತು ಊಟ ಮಾಡುತ್ತಿದ್ದರು. ಕಪ್ಪು ಹುಡುಗರು ಕಪ್ಪು ಜನರ ಹೋಟೆಲು ಹುಡುಕಿಕೊಂಡು ಹೋಗಬೇಕು, ಇಲ್ಲವೇ ಕಟ್ಟಿಸಿಕೊಂಡು ಬಂದು ತಿನ್ನಬೇಕು. ಮಲಗುವ ಜಾಗವೂ ಬೇರೆ. ಆದರೂ ಇದೇ ತಂಡದ ಹುಡುಗರು ಓವೆನ್ಸ್ ಅವರನ್ನೇ ತಮ್ಮ ಕ್ಯಾಪ್ಟನ್ ಆಗಿ ಆರಿಸಿದರು. ಆ ಯೂನಿವರ್ಸಿಟಿಯ ತಂಡಕ್ಕೆ ಕಪ್ಪು ಹುಡುಗ ನಾಯಕನಾದದ್ದು ಅದೇ ಮೊದಲು. ಕ್ಯಾಪ್ಟನ್ನೇ, ಆದರೆ ತಂಡದ ಜೊತೆ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವಂತಿಲ್ಲ. ನಾನು ಇದನ್ನು ಎರಡು ಸಲ ಓದಿದೆ. ಇಂಥದ್ದು ದೂರದ ಅಮೆರಿಕದಲ್ಲಿ ಮಾತ್ರ ಇತ್ತು ಅಂತ ಹೇಳೋಕೆ ನಮಗೂ ಬಾಯಿಲ್ಲ.

ಈಗ 1935ನೇ ಇಸವಿ ಮೇ 25ರ ಕಥೆ. ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ ಹತ್ತು ಯೂನಿವರ್ಸಿಟಿಗಳ ಸ್ಪರ್ಧೆ. ಅದಕ್ಕೆ ಸ್ವಲ್ಪ ದಿನ ಮುಂಚೆ ಓವೆನ್ಸ್ ಮೆಟ್ಟಿಲಿನ ಮೇಲಿಂದ ಬಿದ್ದು ಬೆನ್ನು ನೋಯಿಸಿಕೊಂಡಿದ್ದರು. ಬಗ್ಗಲು ಆಗುವುದಿಲ್ಲ. ಕಾರು ಹತ್ತಿಸುವುದಕ್ಕೂ ಇಳಿಸುವುದಕ್ಕೂ ಜೊತೆಯವರು ಕೈಕೊಡಬೇಕು. ಕೋಚ್ ಲ್ಯಾರಿ ಸ್ನೈಡರ್ ಇವತ್ತು ಓಡುವುದು ಬೇಡ ಅಂತ ಯೋಚಿಸಿದರು. ಓವೆನ್ಸ್, 100 ಗಜ ಒಂದನ್ನು ಓಡಿ ನೋಡ್ತೀನಿ, ಆಮೇಲೆ ನೋಡೋಣ ಅಂದರು.

ಮಧ್ಯಾಹ್ನ 3 ಗಂಟೆ 15 ನಿಮಿಷಕ್ಕೆ 100 ಗಜ ಓಟ. 9.4 ಸೆಕೆಂಡು, ವಿಶ್ವದಾಖಲೆಗೆ ಸಮ. 3 ಗಂಟೆ 25 ನಿಮಿಷಕ್ಕೆ ಉದ್ದ ಜಿಗಿತ. ಒಂದೇ ಒಂದು ಸಲ ಜಿಗಿದರು. 26 ಅಡಿ 8 ಕಾಲು ಇಂಚು, ಅಂದರೆ 8.13 ಮೀಟರ್. ಹೊಸ ವಿಶ್ವದಾಖಲೆ. 3 ಗಂಟೆ 34 ನಿಮಿಷಕ್ಕೆ 220 ಗಜ, 20.3 ಸೆಕೆಂಡು, ಹೊಸ ದಾಖಲೆ. 4 ಗಂಟೆಗೆ 220 ಗಜದ ಅಡೆತಡೆ ಓಟ, 22.6 ಸೆಕೆಂಡು, ಅದೂ ಹೊಸ ದಾಖಲೆ. ನಮ್ಮ ಒಂದು ಪೀರಿಯಡ್ಡಿನಷ್ಟು ಹೊತ್ತು, ಬರೀ 45 ನಿಮಿಷ! ಉದ್ದ ಜಿಗಿತದ ದಾಖಲೆಯನ್ನು 1960ರ ತನಕ, ಅಂದರೆ 25 ವರ್ಷ ಯಾರೂ ಮುರಿಯಲಿಲ್ಲ.

26 ಅಡಿ ಅಂದರೆ ಎಷ್ಟು ಅಂತ ನೋಡಲು ನಾವು ನಾಲ್ಕು ಜನ ಬಾವುಟದ ಕಟ್ಟೆಯಿಂದ ಟೇಪು ಹಿಡಿದು ಅಳೆದೆವು. ಅದು ಹುಣಸೆಮರದ ಬೇರಿನ ತನಕ ಹೋಯಿತು. ನಮ್ಮಲ್ಲಿ ಚೆನ್ನಾಗಿ ಜಿಗಿಯುವವನು ಜಿಗಿದು ನೋಡಿದ. ಅರ್ಧದ ಹತ್ತಿರ ಬಂದ. ಯಾರಿಗೆ ನಂಬಿಕೆ ಇಲ್ಲವೋ ಅವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋಗಿ ನೋಡಬಹುದು, ಸುಣ್ಣದ ಗೆರೆ ಇನ್ನೂ ಇದೆ.

ಒಂದು ಸಂಗತಿ ಬಹಳ ಜನ ಬರೆಯುವುದಿಲ್ಲ. ಅವತ್ತು ಓವೆನ್ಸ್ ಇಷ್ಟೆಲ್ಲ ಮಾಡಿದರೂ ತಂಡದ ಪ್ರಶಸ್ತಿ ಓಹಿಯೋಗೆ ಬರಲಿಲ್ಲ, ಮಿಷಿಗನ್‌ಗೆ ಹೋಯಿತು. ಒಬ್ಬರೇ ನಾಲ್ಕು ಸ್ಪರ್ಧೆ ಗೆದ್ದರೂ ಉಳಿದವರ ಪಾಯಿಂಟು ಸಾಲದೇ ಹೋದರೆ ತಂಡ ಸೋಲುತ್ತದೆ.

ಅದೇ 1935ರಲ್ಲಿ ರೂತ್ ಸಾಲೊಮನ್ ಎಂಬುವರ ಜೊತೆ ಮದುವೆಯಾಯಿತು. ಮುಂದಿನ ವರ್ಷ ಬರ್ಲಿನ್ ಒಲಿಂಪಿಕ್ಸ್.

ಜರ್ಮನಿಯಲ್ಲಿ 1933ರಿಂದ ಹಿಟ್ಲರನ ಆಳ್ವಿಕೆ ನಡೆಯುತ್ತಿತ್ತು. ತನ್ನ ಜನಾಂಗವೇ ಎಲ್ಲರಿಗಿಂತ ಮೇಲು, ಕಪ್ಪು ಜನ ಕೀಳು, ಯಹೂದಿಗಳು ಇರಲೇಬಾರದು ಎಂಬುದು ಅವನ ಸಿದ್ಧಾಂತ. ಜರ್ಮನಿಯ ಗ್ರೆಟೆಲ್ ಬರ್ಗ್‌ಮನ್ ಎಂಬ ಹುಡುಗಿ ಎತ್ತರ ಜಿಗಿತದಲ್ಲಿ ತನ್ನ ದೇಶದ ದಾಖಲೆಯಷ್ಟೇ ಎತ್ತರ ಜಿಗಿದಿದ್ದಳು. ಯಹೂದಿ ಅಂತ ಅವಳನ್ನು ಕೊನೆ ಗಳಿಗೆಯಲ್ಲಿ ತಂಡದಿಂದ ತೆಗೆದುಹಾಕಿದರು. ಅಮೆರಿಕದಲ್ಲಿ ಇಂಥ ಒಲಿಂಪಿಕ್ಸಿಗೆ ಹೋಗಬಾರದು ಅಂತ ದೊಡ್ಡ ವಾದವೇ ನಡೆಯಿತು. ಕೊನೆಗೆ ಹೋದರು. ಅಮೆರಿಕದ ತಂಡದಲ್ಲಿ 18 ಜನ ಕಪ್ಪು ಕ್ರೀಡಾಪಟುಗಳಿದ್ದರು.

ಆಗಸ್ಟ್ 3ರಂದು 100 ಮೀಟರ್. ಓವೆನ್ಸ್ 10.3 ಸೆಕೆಂಡು, ಚಿನ್ನ. ಎರಡನೆಯವರು ಅದೇ ಮೆಟ್‌ಕಾಫ್. ಆಗಸ್ಟ್ 4ರಂದು ಉದ್ದ ಜಿಗಿತ, 8.06 ಮೀಟರ್, ಚಿನ್ನ. ಆಗಸ್ಟ್ 5ರಂದು 200 ಮೀಟರ್, 20.7 ಸೆಕೆಂಡು, ಮೂರನೇ ಚಿನ್ನ.

ಉದ್ದ ಜಿಗಿತದಲ್ಲಿ ಬೆಳ್ಳಿ ಗೆದ್ದವನು ಜರ್ಮನಿಯ ಲುಜ್ ಲಾಂಗ್. ಓವೆನ್ಸ್ ಎರಡು ಸಲ ಫೌಲ್ ಮಾಡಿ ಹೆದರಿದ್ದಾಗ ಲಾಂಗ್ ಬಂದು ಎಲ್ಲಿಂದ ಜಿಗಿಯಬೇಕು ಅಂತ ಹೇಳಿಕೊಟ್ಟ ಎಂಬ ಕಥೆ ಪುಸ್ತಕಗಳಲ್ಲಿ ಬರುತ್ತದೆ. ಚೆನ್ನಾಗಿದೆ, ಆದರೆ ಅದು ಹಾಗೆ ನಡೆದಿರಲಿಕ್ಕಿಲ್ಲ ಅಂತ ಆಮೇಲೆ ಹುಡುಕಿದವರು ಹೇಳಿದ್ದಾರೆ. ಅದಕ್ಕೇ ನಾನು ಅದನ್ನು ನಂಬಿ ಬರೆಯುವುದಿಲ್ಲ. ಓವೆನ್ಸ್ ಗೆದ್ದಾಗ ಲಾಂಗ್ ಎಲ್ಲರಿಗಿಂತ ಮೊದಲು ಬಂದು ಅಭಿನಂದಿಸಿದ್ದು, ಹಿಟ್ಲರ್ ಕೂತು ನೋಡುತ್ತಿರುವಾಗಲೇ ಇಬ್ಬರೂ ತೋಳಿಗೆ ತೋಳು ಸೇರಿಸಿ ನಡೆದದ್ದು ನಿಜ. ಅಷ್ಟು ಸಾಕಲ್ಲವೇ. ಲಾಂಗ್ 1943ರಲ್ಲಿ ಮಹಾಯುದ್ಧದಲ್ಲಿ ಸಿಸಿಲಿ ದ್ವೀಪದಲ್ಲಿ ಸತ್ತುಹೋದ.

ಹಾಗೆಯೇ ಹಿಟ್ಲರ್ ಓವೆನ್ಸ್ ಕೈ ಕುಲುಕದೆ ಎದ್ದುಹೋದ ಅಂತಲೂ ಹೇಳುತ್ತಾರೆ. ನಡೆದದ್ದು ಇಷ್ಟು. ಮೊದಲ ದಿನ ಹಿಟ್ಲರ್ ಗೆದ್ದವರಲ್ಲಿ ಕೆಲವರನ್ನು ಮಾತ್ರ ಕರೆದು ಅಭಿನಂದಿಸಿದ. ಅಭಿನಂದಿಸಿದರೆ ಎಲ್ಲರನ್ನೂ ಅಭಿನಂದಿಸಬೇಕು, ಇಲ್ಲದಿದ್ದರೆ ಯಾರನ್ನೂ ಬೇಡ ಅಂತ ಒಲಿಂಪಿಕ್ಸ್ ಸಮಿತಿಯವರು ತಿಳಿಸಿದರು. ಆಮೇಲೆ ಅವನು ಬಹಿರಂಗವಾಗಿ ಯಾರನ್ನೂ ಕರೆಯಲಿಲ್ಲ. ತಮಗೆ ಅಭಿನಂದನೆಯ ತಂತಿ ಕಳಿಸದೇ ಹೋದದ್ದು ತಮ್ಮ ದೇಶದ ಅಧ್ಯಕ್ಷ ರೂಸ್‌ವೆಲ್ಟ್ ಅಂತ ಓವೆನ್ಸ್ ಬೇಸರ ಪಟ್ಟುಕೊಂಡಿದ್ದರು. (ಅಂದಹಾಗೆ, ಇದೇ ಬರ್ಲಿನ್‌ನಲ್ಲಿ ಆಗಸ್ಟ್ 15ರಂದು ಧ್ಯಾನಚಂದ್ ನಾಯಕತ್ವದ ನಮ್ಮ ಹಾಕಿ ತಂಡ ಜರ್ಮನಿಯನ್ನು 8-1 ಗೋಲುಗಳಿಂದ ಸೋಲಿಸಿ ಚಿನ್ನ ತಂದಿತು.)

ಈಗ ನಾಲ್ಕನೇ ಪದಕ. ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ.

4×100 ಮೀಟರ್ ರಿಲೇ ಓಟ ನಿಮಗೆಲ್ಲ ಗೊತ್ತು. ನಾಲ್ಕು ಜನ, ಒಂದು ಬೇಟನ್. ನಮ್ಮ ಶಾಲೆಯಲ್ಲಿ ಬಿದಿರಿನ ತುಂಡು ಉಪಯೋಗಿಸುತ್ತೇವೆ. ಬೇಟನ್ ಬದಲಾಯಿಸಲು ಆಗ 20 ಮೀಟರ್ ಜಾಗ ಇರುತ್ತಿತ್ತು, ಅದರೊಳಗೇ ಕೊಟ್ಟು ಮುಗಿಸಬೇಕಿತ್ತು. ಕೊಡುವವನು ಪೂರ್ತಿ ವೇಗದಲ್ಲಿ ಬರುತ್ತಿರಬೇಕು, ತೆಗೆದುಕೊಳ್ಳುವವನು ಹಿಂದೆ ತಿರುಗದೆ ಓಡುತ್ತಾ ಕೈ ಚಾಚಬೇಕು. ಇದು ಬರೀ ವೇಗದಿಂದ ಬರುವುದಲ್ಲ. ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಗೊತ್ತಿರಬೇಕು, ಅದಕ್ಕೆ ಬಹಳ ದಿನ ಜೊತೆಯಲ್ಲಿ ಅಭ್ಯಾಸ ಬೇಕು. ಅಮೆರಿಕದ ರಿಲೇ ತಂಡಕ್ಕೆ ಅಭ್ಯಾಸ ಮಾಡುತ್ತಾ ಇದ್ದವರಲ್ಲಿ ಮಾರ್ಟಿ ಗ್ಲಿಕ್‌ಮನ್ ಮತ್ತು ಸ್ಯಾಮ್ ಸ್ಟೋಲರ್ ಎಂಬ ಇಬ್ಬರಿದ್ದರು. ಗ್ಲಿಕ್‌ಮನ್‌ಗೆ ಇನ್ನೂ 18 ವರ್ಷ. ಅವರಿಬ್ಬರೂ ಯಹೂದಿಗಳು. ಓವೆನ್ಸ್ ಆ ತಂಡದಲ್ಲಿ ಇರಲಿಲ್ಲ.

ಆಗಸ್ಟ್ 8ರ ಬೆಳಿಗ್ಗೆ, ಮೊದಲ ಸುತ್ತಿನ ಓಟಕ್ಕೆ ಸ್ವಲ್ಪ ಹೊತ್ತು ಮುಂಚೆ, ಕೋಚುಗಳು ಓಟಗಾರರನ್ನೆಲ್ಲ ಕೂರಿಸಿಕೊಂಡರು. ಗ್ಲಿಕ್‌ಮನ್ ಮತ್ತು ಸ್ಟೋಲರ್ ಓಡುವುದಿಲ್ಲ, ಅವರ ಬದಲು ಓವೆನ್ಸ್ ಮತ್ತು ಮೆಟ್‌ಕಾಫ್ ಓಡುತ್ತಾರೆ ಅಂತ ಹೇಳಿದರು. ಜರ್ಮನಿಯವರು ಒಳ್ಳೊಳ್ಳೆ ಓಟಗಾರರನ್ನು ಬಚ್ಚಿಟ್ಟುಕೊಂಡಿದ್ದಾರಂತೆ, ಅದಕ್ಕೇ ಈ ಬದಲಾವಣೆ ಅಂತ ಕಾರಣ ಕೊಟ್ಟರು. ಗ್ಲಿಕ್‌ಮನ್ ಎದ್ದು, ವಿಶ್ವಮಟ್ಟದ ಓಟಗಾರರನ್ನು ಯಾರಿಗೂ ಗೊತ್ತಾಗದ ಹಾಗೆ ಬಚ್ಚಿಡೋಕೆ ಆಗುತ್ತಾ, ಅವರು ಎಲ್ಲಾದರೂ ಓಡಿರಲೇಬೇಕಲ್ಲ ಅಂತ ಕೇಳಿದ. ಎಂಥಾ ಸರಿಯಾದ ಮಾತು!

ಆಗ ಓವೆನ್ಸ್ ಮಾತಾಡಿದರು. ನನಗೆ ಮೂರು ಚಿನ್ನ ಬಂದಿದೆ, ನಾನು ದಣಿದಿದ್ದೇನೆ, ಮಾರ್ಟಿ ಮತ್ತು ಸ್ಯಾಮ್ ಓಡಲಿ, ಅದು ಅವರಿಗೆ ಸಲ್ಲಬೇಕಾದ್ದು ಅಂತ ಕೋಚುಗಳ ಎದುರೇ ಹೇಳಿದರು. ಹೇಳಿದಷ್ಟು ಮಾಡು ಅಂತ ಒಬ್ಬ ಕೋಚ್ ಗದರಿಸಿದರು. ಮಾತು ಅಲ್ಲಿಗೇ ನಿಂತಿತು. ಇದನ್ನು ಮುಂದೆ ಎಲ್ಲರಿಗೂ ಹೇಳಿದವರು ಗ್ಲಿಕ್‌ಮನ್ ಅವರೇ. ತನ್ನ ಜಾಗಕ್ಕೆ ಬಂದವರ ಬಗ್ಗೆ ಅವರು ಜೀವನಪೂರ್ತಿ ಒಳ್ಳೇ ಮಾತನ್ನೇ ಆಡಿದರು. ಅದಕ್ಕೇ ನಾನು ಇದನ್ನು ನಂಬುತ್ತೇನೆ.

ಆಗಸ್ಟ್ 9ರಂದು ಅಂತಿಮ ಓಟ. ಓವೆನ್ಸ್ ಮೊದಲು, ಆಮೇಲೆ ಮೆಟ್‌ಕಾಫ್, ಫಾಯ್ ಡ್ರೇಪರ್, ಕೊನೆಗೆ ಫ್ರಾಂಕ್ ವೈಕಾಫ್. 39.8 ಸೆಕೆಂಡು, ಹೊಸ ವಿಶ್ವದಾಖಲೆ, 20 ವರ್ಷ ಉಳಿಯಿತು. ಎರಡನೆಯದು ಇಟಲಿ, 41.1. ಬಚ್ಚಿಟ್ಟ ಓಟಗಾರರು ಇದ್ದಾರೆ ಅಂದ ಜರ್ಮನಿ 41.2ರಲ್ಲಿ ಬಂದು ಮೂರನೆಯದಾಯಿತು. ರಿಲೇಯಲ್ಲಿ ಒಂದು ಸೆಕೆಂಡು ಅಂದರೆ ಹತ್ತು ಮೀಟರಿನಷ್ಟು. ಬಚ್ಚಿಟ್ಟವರು ಯಾರೂ ಇರಲಿಲ್ಲ. ಗ್ಲಿಕ್‌ಮನ್, ಸ್ಟೋಲರ್ ಓಡಿದ್ದರೂ ಅಮೆರಿಕ ಗೆಲ್ಲುತ್ತಿತ್ತು ಅಂತ ನಾನು ಲೆಕ್ಕ ಹಾಕಿದ್ದೇನೆ. ಹಿಟ್ಲರನಿಗೆ ಮುಜುಗರವಾಗದಿರಲಿ ಅಂತ ಯಹೂದಿಗಳಾದ ತಮ್ಮಿಬ್ಬರನ್ನು ಬಿಟ್ಟರು ಎಂದೇ ಗ್ಲಿಕ್‌ಮನ್ ಕೊನೆಯವರೆಗೂ ನಂಬಿದ್ದರು. ಡ್ರೇಪರ್ ಮತ್ತು ವೈಕಾಫ್ ಕೋಚುಗಳಲ್ಲಿ ಒಬ್ಬರಾದ ಕ್ರಾಮ್‌ವೆಲ್ ಅವರ ಯೂನಿವರ್ಸಿಟಿಯ ಹುಡುಗರಾದ್ದರಿಂದ ಅವರನ್ನು ಉಳಿಸಿಕೊಂಡರು ಎಂಬ ಮಾತೂ ಇದೆ.

ಹುಡುಗಿಯರಿಗೂ ಇಂಥದ್ದೇ ಆಗಿತ್ತು. ಲೂಯಿಸ್ ಸ್ಟೋಕ್ಸ್ ಮತ್ತು ಟೈಡೀ ಪಿಕೆಟ್ ಎಂಬ ಇಬ್ಬರು ಕಪ್ಪು ಹುಡುಗಿಯರನ್ನು 1932ರಲ್ಲಿ ರಿಲೇ ತಂಡದಿಂದ ಬಿಟ್ಟು ಬಿಳಿ ಹುಡುಗಿಯರನ್ನು ಓಡಿಸಿದ್ದರು. 1936ರಲ್ಲೂ ಸ್ಟೋಕ್ಸ್‌ಗೆ ರಿಲೇ ಓಡಲು ಸಿಗಲಿಲ್ಲ. ಅವರ ಪರವಾಗಿ ಎದ್ದು ಮಾತಾಡಿದವರ ಹೆಸರು ನಾನು ಓದಿದ ಕಡೆ ಎಲ್ಲೂ ಸಿಗಲಿಲ್ಲ.

ಇದನ್ನು ತರಗತಿಯಲ್ಲಿ ಹೇಳಿದಾಗ ಎರಡು ಪಂಗಡವಾಯಿತು. ಅಷ್ಟು ಹೇಳಿದ ಮೇಲೆ ಓವೆನ್ಸ್ ಓಡಲೇಬಾರದಿತ್ತು, ಮೈದಾನದ ಹೊರಗೆ ಕೂತುಬಿಡಬೇಕಿತ್ತು ಅಂತ ಅರ್ಧ ಜನ. ಅವರು ಓಡದಿದ್ದರೆ ಕೋಚು ಇನ್ನೊಬ್ಬರನ್ನು ಕರೆಯುತ್ತಿದ್ದರು, ಆ ಇಬ್ಬರಿಗಂತೂ ಜಾಗ ಕೊಡುತ್ತಿರಲಿಲ್ಲ ಅಂತ ಇನ್ನರ್ಧ ಜನ. ಕಪ್ಪು ಹುಡುಗ ಕೋಚಿನ ಮಾತು ಮೀರಿದರೆ ಅವನ ಗತಿ ಏನಾಗುತ್ತಿತ್ತು ಯೋಚಿಸಿ ಅಂತ ನಮ್ಮ ಮೇಷ್ಟ್ರು ಹೇಳಿದರು. ನನಗೆ ಇನ್ನೂ ಎರಡು ಮನಸ್ಸು. ಮೂರು ಪದಕ ಸಿಕ್ಕವನು ನಾಲ್ಕನೆಯದು ಬೇಡ ಅಂದದ್ದು ದೊಡ್ಡದು. ಆದರೆ ಮಾರ್ಟಿ, ಸ್ಯಾಮ್ ಇಬ್ಬರೂ ಮೆಟ್ಟಿಲ ಮೇಲೆ ಕೂತು ಆ ಓಟ ನೋಡುವಾಗ ಏನನ್ನಿಸಿರಬಹುದು? ನಮ್ಮಲ್ಲಿ ನಾಲ್ಕರಲ್ಲಿ ಬರದೇ ಐದನೆಯವರಾಗಿ ಉಳಿದವರನ್ನು ಕೇಳಿ, ಹೇಳುತ್ತಾರೆ.

ಓವೆನ್ಸ್ ಊರಿಗೆ ಬಂದ ಮೇಲಿನ ಕಥೆ ಸುಖದ್ದಲ್ಲ. ನ್ಯೂಯಾರ್ಕಿನಲ್ಲಿ ಮೆರವಣಿಗೆ ಮಾಡಿದರು. ವಾಲ್ಡಾರ್ಫ್ ಅಸ್ಟೋರಿಯಾ ಎಂಬ ದೊಡ್ಡ ಹೋಟೆಲಿನಲ್ಲಿ ಅವರಿಗೇ ಸನ್ಮಾನ. ಆದರೆ ಅಲ್ಲಿಗೆ ಹೋಗಲು ಅವರು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹತ್ತಬೇಕಾಯಿತು. ಒಲಿಂಪಿಕ್ಸ್ ಮುಗಿದ ಮೇಲೆ ಕ್ರೀಡಾ ಸಂಘದವರು ದುಡ್ಡು ಎತ್ತಲು ಯೂರೋಪಿನ ಊರೂರಿಗೆ ಓಡಿಸಿದ್ದರು. ದಣಿದು ಸಾಕಾಗಿ ಸ್ವೀಡನ್‌ಗೆ ಬರುವುದಿಲ್ಲ ಅಂದದ್ದಕ್ಕೆ ಅವರನ್ನು ಸ್ಪರ್ಧೆಗಳಿಂದಲೇ ಹೊರಗೆ ಹಾಕಿದರು. 23 ತುಂಬುವ ಮುಂಚೆಯೇ ನಿಜವಾದ ಸ್ಪರ್ಧೆಯ ಓಟ ಮುಗಿದುಹೋಯಿತು.

ಹೊಟ್ಟೆಪಾಡಿಗೆ ಅವರು ಕುದುರೆಯ ಜೊತೆ ಓಡಿದರು. 1936ರ ಡಿಸೆಂಬರ್‌ನಲ್ಲಿ ಕ್ಯೂಬಾ ದೇಶದಲ್ಲಿ ಒಂದು ಕುದುರೆಗಿಂತ 40 ಗಜ ಮುಂದೆ ನಿಂತು ಓಡಿ ಗೆದ್ದರು. ಗುಂಡು ಹಾರಿಸಿದ ಶಬ್ದಕ್ಕೆ ಕುದುರೆ ಬೆಚ್ಚುತ್ತದೆ, ಅಷ್ಟರಲ್ಲಿ ಇವರು ಮುಂದೆ ಹೋಗಿರುತ್ತಾರೆ, ಇದೇ ಆ ಆಟದ ಗುಟ್ಟು. ಜನ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ರೈಲಿ ಮೇಷ್ಟ್ರು ಕುದುರೆಯನ್ನು ತೋರಿಸಿದ್ದು ಇದಕ್ಕಾಗಿಯೇ ಅನ್ನಿಸಿ ನನಗೆ ಬೇಜಾರಾಯಿತು. ಬಟ್ಟೆ ಒಗೆಯುವ ಅಂಗಡಿ ಇಟ್ಟರು, ಅದು ಮುಳುಗಿ 1939ರಲ್ಲಿ ದಿವಾಳಿಯಾದರು.

ಆದರೆ ಆ ಮೆರವಣಿಗೆಗಳಿಂದ ಒಂದು ಒಳ್ಳೆಯದಾಯಿತು. 1936ರಲ್ಲಿ ಕ್ಲೀವ್‌ಲ್ಯಾಂಡಿನಲ್ಲೂ ಓವೆನ್ಸ್ ಅವರ ಮೆರವಣಿಗೆ ನಡೆಯಿತು. ಬೀದಿಯಲ್ಲಿ ನಿಂತು ನೋಡುತ್ತಿದ್ದ ಮಕ್ಕಳಲ್ಲಿ ಹ್ಯಾರಿಸನ್ ಡಿಲಾರ್ಡ್ ಎಂಬ ಹುಡುಗನಿದ್ದ. ಅವನಿಗೆ 13 ವರ್ಷ, ಈಗ ನಮ್ಮ ವಯಸ್ಸು. ಅವನೂ ಅದೇ ಈಸ್ಟ್ ಟೆಕ್ನಿಕಲ್ ಹೈಸ್ಕೂಲಿಗೆ ಸೇರಿದ. ಓವೆನ್ಸ್ ಅವನಿಗೆ ಓಡುವ ಬೂಟುಗಳನ್ನು ಕೊಟ್ಟರು. ಅವನು ಅಡೆತಡೆ ಓಟದಲ್ಲಿ ಗಟ್ಟಿಗನಾದ. 1948ರಲ್ಲಿ ಆಯ್ಕೆಯ ದಿನ ಅಡೆತಡೆಗಳಿಗೆ ತಾಗಿ ಆ ಸ್ಪರ್ಧೆಯಲ್ಲಿ ಜಾಗ ಕಳೆದುಕೊಂಡ. 100 ಮೀಟರಿನಲ್ಲಿ ಹೇಗೋ ಮೂರನೆಯವನಾಗಿ ತಂಡ ಸೇರಿದ. ಲಂಡನ್‌ನಲ್ಲಿ ಅದೇ 100 ಮೀಟರನ್ನು 10.3 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಓವೆನ್ಸ್ ಅವರ ಸಮಯವೇ ಅದು! 1952ರಲ್ಲಿ ಅಡೆತಡೆ ಓಟದಲ್ಲೂ ಗೆದ್ದ. ರಿಲೇಗಳೂ ಸೇರಿ ಒಟ್ಟು ನಾಲ್ಕು ಚಿನ್ನ. ಒಂದೇ ಹೈಸ್ಕೂಲಿನ ಇಬ್ಬರಿಗೆ ನಾಲ್ಕು ನಾಲ್ಕು ಚಿನ್ನ. ಆ ಶಾಲೆಯ ಗೋಡೆ ಪತ್ರಿಕೆಯಲ್ಲಿ ಎಷ್ಟು ಬರೆದರೂ ಮುಗಿಯುತ್ತಿರಲಿಲ್ಲ.

1955ರಲ್ಲಿ ಅಮೆರಿಕ ಸರ್ಕಾರ ಓವೆನ್ಸ್ ಅವರನ್ನು ಕ್ರೀಡಾ ರಾಯಭಾರಿಯಾಗಿ ಬೇರೆ ದೇಶಗಳಿಗೆ ಕಳಿಸಿತು. ಆಗ ಅವರು ನಮ್ಮ ಭಾರತಕ್ಕೂ ಬಂದಿದ್ದರು, ಇಲ್ಲಿನ ಮಕ್ಕಳಿಗೆ ಓಟ ಹೇಳಿಕೊಟ್ಟರು. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಎಂಬ ಕಪ್ಪು ಓಟಗಾರರು ಪದಕದ ಕಟ್ಟೆಯ ಮೇಲೆ ಮುಷ್ಟಿ ಎತ್ತಿ ಪ್ರತಿಭಟಿಸಿದಾಗ ಓವೆನ್ಸ್ ಅದು ತಪ್ಪು ಅಂದರು. ಬಹಳ ಜನ ಕಪ್ಪು ಯುವಕರಿಗೆ ಅವರ ಮೇಲೆ ಸಿಟ್ಟು ಬಂತು. ಕೆಲವು ವರ್ಷದ ಮೇಲೆ ತಮ್ಮ ಅಭಿಪ್ರಾಯ ಬದಲಾಯಿಸಿಕೊಂಡು ಅದನ್ನು ಪುಸ್ತಕದಲ್ಲೇ ಬರೆದರು. ದೊಡ್ಡವರಾದ ಮೇಲೆ ಹಾಗೆ ಬರೆಯುವುದು ಸುಲಭವಲ್ಲ.

1976ರಲ್ಲಿ ಅಧ್ಯಕ್ಷ ಫೋರ್ಡ್ ಅವರಿಗೆ ದೇಶದ ದೊಡ್ಡ ಗೌರವ ಪದಕ ಕೊಟ್ಟರು. ಓವೆನ್ಸ್ ಬಹಳ ವರ್ಷ ಸಿಗರೇಟು ಸೇದುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಬಂದು 1980ರ ಮಾರ್ಚ್ 31ರಂದು ತೀರಿಕೊಂಡರು. 1984ರಲ್ಲಿ ಬರ್ಲಿನ್ನಿನ ಆ ಕ್ರೀಡಾಂಗಣದ ಹತ್ತಿರದ ರಸ್ತೆಗೆ ಅವರ ಹೆಸರಿಟ್ಟರು. 1936ರ ಆ 18 ಜನರ ಮನೆಯವರನ್ನು ಅಮೆರಿಕದ ಅಧ್ಯಕ್ಷರ ಭವನಕ್ಕೆ ಕರೆದು ಗೌರವಿಸಿದ್ದು 2016ರಲ್ಲಿ, ಒಬಾಮಾ ಅಧ್ಯಕ್ಷರಾಗಿದ್ದಾಗ. 80 ವರ್ಷ ಆಗಿಹೋಗಿತ್ತು.

ರಿಲೇಯಲ್ಲಿ ಮೂರನೆಯವನಾಗಿ ಓಡಿದ ಡ್ರೇಪರ್ 1943ರಲ್ಲಿ ಯುದ್ಧದಲ್ಲಿ ಸತ್ತ. ಮೆಟ್‌ಕಾಫ್ ಮುಂದೆ ಅಮೆರಿಕದ ಸಂಸತ್ತಿನ ಸದಸ್ಯರಾದರು. ಗ್ಲಿಕ್‌ಮನ್ ನ್ಯೂಯಾರ್ಕಿನ ರೇಡಿಯೋದಲ್ಲಿ ಆಟಗಳ ವೀಕ್ಷಕ ವಿವರಣೆ ಹೇಳಿ ಹೆಸರಾದರು. 1998ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿ ಗ್ಲಿಕ್‌ಮನ್ ಮತ್ತು ಸ್ಟೋಲರ್ ಇಬ್ಬರಿಗೂ ಗೆಲ್ಲಲು ಸಿಗದ ಪದಕದ ಬದಲು ಒಂದೊಂದು ಫಲಕ ಕೊಟ್ಟಿತು. ಸ್ಟೋಲರ್ ಅಷ್ಟರಲ್ಲಿ ತೀರಿಕೊಂಡು 13 ವರ್ಷವಾಗಿತ್ತು. ಗ್ಲಿಕ್‌ಮನ್ 80 ವರ್ಷದ ಮುದುಕರು.

ಪಕ್ಕದಲ್ಲಿರುವ ಚಿತ್ರ ಬರೆದುಕೊಟ್ಟವಳು ಆರನೇ ತರಗತಿಯ ಹುಡುಗಿ. ರಿಲೇ ಅಂದರೆ ನಾಲ್ಕು ಜನ ಅಲ್ವಾ, ಆರು ಜನ ಯಾಕೆ ಅಂತ ಅವಳೂ ಕೇಳಿದಳು. ಆರು ಜನರನ್ನೇ ಬರಿ ಅಂದೆ. ಎಡಗಡೆಯಿಂದ ಓವೆನ್ಸ್, ಮೆಟ್‌ಕಾಫ್, ಡ್ರೇಪರ್, ವೈಕಾಫ್, ಆಮೇಲೆ ಗ್ಲಿಕ್‌ಮನ್, ಸ್ಟೋಲರ್. ಬಣ್ಣ ಇನ್ನೂ ಒಣಗಿಲ್ಲ, ದಯವಿಟ್ಟು ಯಾರೂ ಮುಟ್ಟಬೇಡಿ.